ದೊಡ್ಡಮ್ಮನ ಎಡಗಿವಿ

ನಮ್ಮ ದೊಡ್ಡಮ್ಮನ ಎಡಗಿವಿ ಒಂದರಿಂದಾಗಿ ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ಒಂದು ಮನೆಗೂ ನೀರಿಲ್ಲದಂತಾಯಿತು ಅಂದರೆ ನಂಬುತ್ತೀರಾ? ನಂಬಲೇಬೇಕು. ಅವತ್ತು ಸ್ನಾನವಿಲ್ಲದೆ ಆಫೀಸಿಗೆ ಹೋದವರಲ್ಲಿ ನಮ್ಮ ಯಜಮಾನರೂ ಒಬ್ಬರು!

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಸೀಟಿ ಊದಿ ಊದಿ ರಿಟೈರಾಗಿ, ಈಗ ನಮ್ಮ ಮನೆಯ ಕೆಳಗಿನ ಪೋರ್ಷನ್ನಿನಲ್ಲಿದ್ದಾರೆ. ತರಕಾರಿ ಗಾಡಿಯವನೂ ಅವರೆದುರು ಅಟೆನ್ಷನ್ನಿನಲ್ಲಿ ನಿಲ್ಲುತ್ತಾನೆ.

ಇಂಥವರ ಕಿವಿಯಲ್ಲಿ ಒಂದು ಬೆಳಿಗ್ಗೆ 'ಗುಂಯ್' ಅಂತ ಶುರುವಾಯಿತು. ಸಂಪಿನ ಮೋಟರೇ ಇರಬೇಕೆಂದು ನಮ್ಮ ಸ್ವಿಚ್ ಆರಿಸಿದರು. ನಿಲ್ಲಲಿಲ್ಲ. ಪಕ್ಕದ ಮನೆಯ ಬೆಲ್ ಒತ್ತಿದರು. "ರೀ, ಮೋಟರ್ ಆಫ್ ಮಾಡೀ!" ನಮ್ಮ ಬೀದಿಯಲ್ಲಿ ಈ ಕೂಗು ಬಿದ್ದರೆ ಟ್ಯಾಂಕ್ ತುಂಬಿ ಹರಿಯುತ್ತಿದೆ ಎಂದೇ ಅರ್ಥ. ಯಾರೂ ಮೇಲೆ ಹೋಗಿ ನೋಡುವುದಿಲ್ಲ, ಮೊದಲು ಸ್ವಿಚ್ ಆರಿಸುತ್ತಾರೆ. ಅದರಲ್ಲೂ ದೊಡ್ಡಮ್ಮ ಕೂಗಿದರೆ ಕೇಳಬೇಕೆ? ಕಾವೇರಿ ನೀರು ಬಿಟ್ಟ ದಿನವೇ ಸಾಲಾಗಿ ಎಲ್ಲ ಮೋಟರೂ ಬಂದ್! ಕೊನೆಯ ಗೇಟಿನ ಹತ್ತಿರ ನಾನು ಅವರನ್ನು ಹಿಡಿದೆ. ಬೀದಿಯಿಡೀ ನಿಶ್ಶಬ್ದ.

"ಇನ್ನೂ ಕೇಳ್ತಿದೆ ಕಣೇ," ಎಂದರು. ಗೇಟಿನ ಸರಳು ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು.

ಆ ಬೆರಳು ನೋಡಿ ನನಗೆ ಅಮ್ಮ ನೆನಪಾದರು. ನನ್ನ ಅಮ್ಮ ತಲೆಯಲ್ಲಿ ಗೆಡ್ಡೆಯಾಗಿ ತೀರಿಕೊಂಡವರು. ಕೊನೆಯ ತನಕ ನೋಡಿಕೊಂಡವರು ಇದೇ ದೊಡ್ಡಮ್ಮ. ಇಬ್ಬರಿಗೂ ಒಂದೇ ಯೋಚನೆ. ಇಬ್ಬರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವರು ಎದುರು ಮನೆಯವರು. "ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಮೇಡಂ." ಬಿಟ್ಟರು. ವಾರವಿಡೀ ಮನೆ ಒಗ್ಗರಣೆ ಹಾಕಿದ ಹಾಗೆ ಘಮಘಮ! ರಾಜಾಜಿನಗರದ ಕಿವಿ ಡಾಕ್ಟರು ಒಳಗೆ ಬೆಳಕು ಹಾಯಿಸಿ, "ಯಾರಮ್ಮಾ ಇದಕ್ಕೆ ಎಣ್ಣೆ ಹಾಕಿದ್ದು?" ಎಂದು ಗದರಿ, ಗುಗ್ಗೆಯನ್ನೆಲ್ಲ ತೆಗೆದರು.

ದೊಡ್ಡಮ್ಮ ಅರಳಿದ ಮುಖದಲ್ಲಿ ಎದ್ದರು. "ಈಗ ಎಷ್ಟು ಕ್ಲಿಯರ್ ಆಗಿದೆ ಗೊತ್ತಾ!"

"ಕಿವೀನಾ ದೊಡ್ಡಮ್ಮ?"

"ಅಲ್ಲ ಕಣೇ, ಸದ್ದು!"

ಆಮೇಲೆ ಶ್ರವಣ ಪರೀಕ್ಷೆ. ಗಾಜಿನ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನು, ಸದ್ದು ಕೇಳಿದಾಗಲೆಲ್ಲ ಒತ್ತಲು ಕೈಯಲ್ಲೊಂದು ಗುಂಡಿ. ದೊಡ್ಡಮ್ಮ ಒತ್ತಿದ ಗುಂಡಿ ಬಿಡಲೇ ಇಲ್ಲ.

"ಮೇಡಂ, ನಾನಿನ್ನೂ ಶುರುನೇ ಮಾಡಿಲ್ಲ," ಎಂದಳು ಪರೀಕ್ಷೆಯ ಹುಡುಗಿ.

"ನಿಂದು ಶುರುವಾಗಿಲ್ದೆ ಇರಬೋದಮ್ಮ. ನಂದು ನಿಂತಿಲ್ವಲ್ಲ!"

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಇದರ ಹೆಸರು ಟಿನಿಟಸ್. ಎಡಗಿವಿ ಸ್ವಲ್ಪ ಮಂದವಾಗಿದೆ. ವಯಸ್ಸೂ ಇರಬಹುದು, ಸೀಟಿಯೂ ಇರಬಹುದು. ಸದ್ದನ್ನು ಪೂರ್ತಿ ಓಡಿಸುವ ಮಾತ್ರೆ ಇಲ್ಲ. ಬೇಕಾದರೆ ಶ್ರವಣ ಯಂತ್ರ ಹಾಕಿಕೊಳ್ಳಬಹುದು. ಪಕ್ಕದಲ್ಲಿ ಮೆಲ್ಲನೆಯ ಬೇರೆ ಸದ್ದು ಇಟ್ಟುಕೊಳ್ಳಬಹುದು. ಗಮನ ಅತ್ತ ಹೋಗದಂತೆ ಮನಸ್ಸನ್ನು ಪಳಗಿಸಲು ಕೌನ್ಸೆಲಿಂಗ್ ಇದೆ. "ಆದ್ರೆ ಒಂದೇ ಕಿವೀಲಿ ಇರೋದ್ರಿಂದ ಮೊದಲು ಒಂದು ಎಂಆರ್‌ಐ ಮಾಡಿಸಿಬಿಡಿ. ಸುಮ್ನೆ, ಖಾತ್ರಿಗೆ."

ಸುಮ್ಮನೆ, ಖಾತ್ರಿಗೆ! ಅಮ್ಮನಿಗೂ ಹೀಗೇ ಹೇಳಿದ್ದರು.

ದೊಡ್ಡಮ್ಮ ಸ್ಕ್ಯಾನಿಂಗ್ ಮುಂದೂಡಲು ಕೊಟ್ಟ ಕಾರಣಗಳನ್ನು ಕೇಳಿದರೆ ಹೋಂವರ್ಕ್ ಮಾಡದ ಹುಡುಗಿಯರೂ ನಾಚಬೇಕು. ಸೋಮವಾರ ರಾಹುಕಾಲ, ಮಂಗಳವಾರ ಮಂಗಳವಾರವೇ, ಬುಧವಾರ ಗ್ಯಾಸಿನವನು ಬರುತ್ತಾನೆ! ಅದರ ಬದಲು, ಮೆಲ್ಲನೆಯ ಸದ್ದಿನ ಔಷಧಿ ನೋಡೋಣ ಎಂದರು. ಮಧ್ಯಾಹ್ನ ಅವರು ಅಡ್ಡಾದಾಗ ನಾನು ಫೋನಿನಲ್ಲಿ ಮಳೆಯ ಸದ್ದು ಹಾಕಿ ಬಂದೆ. ಹತ್ತು ನಿಮಿಷಕ್ಕೆ ತಾರಸಿಯಲ್ಲಿ ದಡದಡ! ಓಡಿ ಹೋದರೆ, ಸುಡುಬಿಸಿಲಿನಲ್ಲಿ ದೊಡ್ಡಮ್ಮ ಒಣಗಿದ ಬಟ್ಟೆಯನ್ನೆಲ್ಲ ಬಾಚಿಕೊಂಡು ನಿಂತಿದ್ದಾರೆ.

"ಮಳೆ ಎಲ್ಲೇ?"

ಆ ಬಟ್ಟೆ ಮಡಿಸಿಡಲು ಅವರ ಬೀರು ತೆಗೆದೆ. ಪ್ರತಿ ರೇಷ್ಮೆ ಸೀರೆಗೂ ಒಂದೊಂದು ಚೀಟಿ ಪಿನ್ ಮಾಡಿದ್ದರು. ಹಾಜರಿ ಪುಸ್ತಕದ ದುಂಡನೆಯ ಅಕ್ಷರ. ಯಾರಿಗೆ ಯಾವುದು ಅಂತ. ಮೇಲಿನ ಹಸಿರು ಸೀರೆಯ ಮೇಲೆ ನನ್ನ ಹೆಸರಿತ್ತು. ನಾನು ಬೀರು ಮುಚ್ಚಿ, ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿದೆ. ಗುರುವಾರ ಎಂದರು. ನಾನು ದೊಡ್ಡಮ್ಮನನ್ನು ಕೇಳಲಿಲ್ಲ, ಹೇಳಿದೆ. ಜೀವನದಲ್ಲಿ ಮೊದಲ ಸಲ!

ಗುರುವಾರ ಬಳೆ, ಓಲೆ, ವಾಚು ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಬರಿಗಿವಿಯಲ್ಲಿ ಚಿಕ್ಕವರಾಗಿ ಕಂಡರು.

"ಏನಾದ್ರೂ ಇದ್ರೆ ನಂಗೆ ಹೇಳ್ಬೇಡ."

"ಆಯ್ತು."

"ನೀನೂ ಕೇಳ್ಕೋಬೇಡ."

"ಮತ್ತೆ ಡಾಕ್ಟ್ರು ಯಾರಿಗೆ ಹೇಳೋದು ದೊಡ್ಡಮ್ಮ?"

"ಅವರೇ ಇಟ್ಕೊಳ್ಳಲಿ!"

ಮರುದಿನ ಡಾಕ್ಟರು ರಿಪೋರ್ಟ್ ಓದುವಷ್ಟು ಹೊತ್ತು ದೊಡ್ಡಮ್ಮ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದರು. "ಏನೂ ಇಲ್ಲ. ತಲೆ ಚೆನ್ನಾಗಿದೆ," ಎಂದರು ಡಾಕ್ಟರು. "ಸದ್ದು ಮಾತ್ರ ಇರುತ್ತೆ. ದಿನ ಕಳೆದ ಹಾಗೆ ಅದರ ಕಡೆ ಗಮನ ಕಡಿಮೆಯಾಗುತ್ತೆ."

ವಾಪಸು ಆಟೋದಲ್ಲಿ ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆವು. ಸುತ್ತ ಬಸ್ಸು, ಲಾರಿ, ಹಾರ್ನು.

"ಈಗಲೂ ಕೂಗ್ತಿದೆಯಾ ದೊಡ್ಡಮ್ಮ?"

"ಕೂಗ್ತಿದೆ. ಕೂಗ್ಲಿ ಬಿಡು. ಬರೀ ಸದ್ದು ತಾನೆ?"

ಮರುಗಳಿಗೆಗೆ ಅವರ ತಲೆ ನನ್ನ ಭುಜಕ್ಕೆ ವಾಲಿತು. ಎಷ್ಟು ವಾರಗಳಿಂದ ನಿದ್ದೆಗೆಟ್ಟಿದ್ದರೋ, ಬಾಯಿ ತುಸು ತೆರೆದು, ಆ ಗಲಾಟೆಯ ನಡುವೆ ಮಗುವಿನ ಹಾಗೆ ಮಲಗಿಬಿಟ್ಟರು. ಆಟೋದ ಕಂಬಿಗೆ ತಲೆ ತಾಗದ ಹಾಗೆ ನಡುವೆ ಅಂಗೈ ಇಟ್ಟೆ. ಡ್ರೈವರು ಕನ್ನಡಿಯಲ್ಲಿ ನೋಡಿ ಹಾರ್ನಿನಿಂದ ಕೈ ತೆಗೆದ.

"ಹಾರ್ನ್ ಹೊಡೀರಿ ಅಣ್ಣ, ಪರವಾಗಿಲ್ಲ," ಎಂದೆ. "ಹಳ್ಳ ಮಾತ್ರ ನೋಡ್ಕೊಂಡು ಹೋಗಿ."