ತುಂಗಾ ಸೇತುವೆಗೆ ನಾಲ್ಕು ಪುಟದ ಇಂಗ್ಲಿಷ್ ಅರ್ಜಿ

ಹಳೆಯ ಸೇತುವೆಯ ಮೇಲೆ ರೈಲು ಹತ್ತಿತೆಂದರೆ, ಯಾರೋ ಹಿತ್ತಾಳೆ ಕೊಳಗಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ ಗಡಗಡ ಸದ್ದು. ಆ ಸದ್ದಿಗೆ ಲೇಡೀಸ್ ಬೋಗಿಯಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು, ಸೆರಗಿಗೆ ಪಿನ್ ಹಾಕಿ, ಕಾಲಿನಲ್ಲೇ ಚಪ್ಪಲಿ ಹುಡುಕುತ್ತಿದ್ದರು. ತುಂಗೆ ಬಂತು, ಇನ್ನು ಶಿವಮೊಗ್ಗ ಎಂದರ್ಥ. ಭದ್ರಾವತಿಯ ಜನ್ನಾಪುರದಿಂದ ಟೀಚರ್ ಆಗಿ ಓಡಾಡಿದ ನಾನು, ರಿಟೈರ್ ಆದ ಮೇಲೂ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನೆಪದಲ್ಲಿ ಅದೇ ರೈಲು ಹತ್ತುತ್ತಿದ್ದೆ. ನೆಪವೇ. ಮನೆಯಲ್ಲಿ ಕೂತರೆ ನನ್ನ ಇಂಗ್ಲಿಷ್ ಕೇಳುವವರು ಯಾರು?

ಬಾಗಿಲ ಪಕ್ಕದ ಜಾಗ ಗಿರಿಜಮ್ಮನದು. ದಾರಿಯುದ್ದಕ್ಕೂ ಮಲ್ಲಿಗೆ ಕಟ್ಟುತ್ತಾ ಬಂದು, ಗಾಂಧಿ ಬಜಾರಿನ ಮೂಲೆಯೊಂದರಲ್ಲಿ ಮಾರುವವಳು. ಹಳೇ ಸೇತುವೆಯ ಕಬ್ಬಿಣ ಕಿತ್ತು ಹೊಸದು ಹಾಕುತ್ತಾರೆ, ಒಂದು ತಿಂಗಳು ಬೆಳಗಿನ ರೈಲು ಕ್ಯಾನ್ಸಲ್ ಎಂಬ ಸುದ್ದಿ ಬಂದ ದಿನ ಅವಳ ಕೈ ನಿಂತುಹೋಯಿತು.

“ಬಸ್ಸಲ್ಲಿ ಬುಟ್ಟಿನ ಟಾಪ್ ಮೇಲೆ ಹಾಕು ಅಂತಾರೆ ಟೀಚರಮ್ಮ. ಬಜಾರ್ ಮುಟ್ಟೋ ಹೊತ್ತಿಗೆ ಅದು ಹೂವಲ್ಲ, ಸೊಪ್ಪಿನ ಪಲ್ಯ. ಒಂದು ತಿಂಗಳು ನಾನು ಕೂರಲಿಲ್ಲ ಅಂದ್ರೆ ಆ ಜಾಗದಲ್ಲಿ ಇನ್ನೊಬ್ಬಳು ಕೂತಿರ್ತಾಳೆ. ಆಮೇಲೆ ಏಳಿಸೋಕಾಗುತ್ತಾ?”

“ಡೋಂಟ್ ವರಿ ಮಾರಾಯ್ತಿ, ನಾನಿದ್ದೀನಿ,” ಎಂದೆ.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು: ಬೇಕಾದ್ದನ್ನು ತಟ್ಟನೆ ಕೇಳುವುದು ಬ್ಯಾಡ್ ಮ್ಯಾನರ್ಸ್. ಹಾಗಾಗಿ ನನ್ನ ಅರ್ಜಿಯ ಮೊದಲ ಪುಟದಲ್ಲಿ ನಾಗರಿಕತೆಗೆ ಸೇತುವೆಗಳ ಕೊಡುಗೆ, ಎರಡನೆಯದರಲ್ಲಿ ಪ್ರೋಗ್ರೆಸ್ಸಿಗೆ ನನ್ನ ಹಾರ್ದಿಕ ಸ್ವಾಗತ, ಮೂರರಲ್ಲಿ ತುಂಗೆಯ ಬ್ಯೂಟಿ. ರೈಲಿನ ವಿಷಯ ನಾಲ್ಕನೆಯ ಪುಟದ ಕೊನೆಗೆ. ಗಿರಿಜಮ್ಮನನ್ನು ಕರೆದುಕೊಂಡು ಹೊಳೆದಂಡೆಯಲ್ಲಿ ಸೇತುವೆ ಕೆಲಸದವರ ಶೆಡ್ಡಿಗೆ ಹೋಗಿ, ಹೆಲ್ಮೆಟ್ ಹಾಕಿದ್ದ ಎಂಜಿನಿಯರ್ ಮುಂದೆ ನಿಂತು, ಉಚ್ಚಾರ ಎಲ್ಲೂ ಜಾರದಂತೆ ಓದತೊಡಗಿದೆ. ಆತ ಎರಡು ಪುಟ ವಿಧೇಯನಾಗಿ ಕೇಳಿದ. ಮೂರನೆಯದಕ್ಕೆ ಹೆಲ್ಮೆಟ್ ತೆಗೆದ.

“ಮೇಡಮ್ಮಾರ, ನಂದು ಹಾವೇರಿ ರೀ. ಏನಾಗಬೇಕು, ಕನ್ನಡದಾಗ ಹೇಳ್ರಿ.”

ಹೊರ ರಾಜ್ಯದವನೆಂದು ನಾನೇ ತೀರ್ಮಾನಿಸಿದ್ದೆ. ಅವಸರದಲ್ಲಿ ನಾಲ್ಕನೆಯ ಪುಟ ಹುಡುಕತೊಡಗಿದೆ. ಗಿರಿಜಮ್ಮ ಮುಂದೆ ಬಂದಳು.

“ಸ್ವಾಮಿ, ನಿಮ್ಮ ಕೆಲಸ ದಿನಾ ಎಷ್ಟೊತ್ತಿಗೆ ಶುರು?”

“ಹತ್ತಕ್ಕ.”

“ನಮ್ಮ ರೈಲು ಎಂಟಕ್ಕೇ ದಾಟಿರುತ್ತೆ. ಮತ್ಯಾಕೆ ನಿಲ್ಲಿಸ್ತೀರಿ?”

ಆತ ನದಿಯನ್ನು ನೋಡಿದ, ನನ್ನ ಕಾಗದ ನೋಡಿದ, ಆಮೇಲೆ ಫೋನ್ ತೆಗೆದ. “ಗರ್ಡರ್, ಅಂದ್ರ ಕಬ್ಬಿಣದ ದೊಡ್ಡ ತೊಲಿ, ಕೂಡಿಸೋ ಎರಡು ದಿನ ಬಿಟ್ಟು ಉಳಿದದ್ದು ಮ್ಯಾಲಿನವರಿಗೆ ಕೇಳಿ ನೋಡ್ತೀನಿ ರೀ.”

ವಾರದೊಳಗೆ ಸ್ಟೇಷನ್ ಬೋರ್ಡಿನಲ್ಲಿ ಬರೆದರು: ಎರಡು ದಿನ ಬಿಟ್ಟು ಬೆಳಗಿನ ರೈಲು ಎಂದಿನಂತೆ. ಅಂದು ನಮ್ಮ ಬೋಗಿ ಮದುವೆಮನೆ. ಚಿತ್ರಾನ್ನದ ಡಬ್ಬಿಗಳು ಕೈಯಿಂದ ಕೈಗೆ ಓಡಿದವು. ನನ್ನ ನಿಂಬೆಗಾತ್ರದ ತುರುಬಿಗೆ ಎರಡು ಮೊಳ ಮಲ್ಲಿಗೆ ಮುಡಿಸಿ, “ಟೀಚರಮ್ಮನ ಇಂಗ್ಲಿಷಿಗೆ ಎಂಜಿನಿಯರ್ರೇ ತಣ್ಣಗಾದ,” ಎಂದು ಸಾರಿದವಳು ಸ್ವತಃ ಗಿರಿಜಮ್ಮ. “ನೋ, ನೋ,” ಎಂದೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಹೊಸ ಸೇತುವೆ ಗಟ್ಟಿಯಾಗಿ ನಿಂತಿದೆ. ಬಜಾರಿನ ಆ ಮೂಲೆಯೂ ಉಳಿಯಿತು. ಈಗ ಅಲ್ಲಿ ಗಿರಿಜಮ್ಮನ ಸೊಸೆ ಕೂರುತ್ತಾಳೆ. ಮಂಡಿನೋವೆಂದು ಅತ್ತೆ ಓಡಾಟ ಬಿಟ್ಟಳು. ಅವಳನ್ನು ನಾನು ಕೊನೆಯ ಸಲ ಕಂಡದ್ದು, ಸೊಸೆಗೆ ಜಾಗ ತೋರಿಸಲು ಬಂದ ದಿನ, ಶಿವಮೊಗ್ಗದ ಪ್ಲಾಟ್‌ಫಾರಂನಲ್ಲಿ. “ಇವರೇ ಕಣೆ, ಇಂಗ್ಲಿಷಲ್ಲಿ ಗದರಿಸಿ ನಮ್ಮ ಜಾಗ ಉಳಿಸಿಕೊಟ್ಟೋರು.” ಈ ಸಲವಾದರೂ ನಿಜ ಹೇಳೋಣ, ಅದೂ ಕನ್ನಡದಲ್ಲೇ, ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. “ಗಾಡ್ ಬ್ಲೆಸ್ ಯೂ,” ಎಂದುಬಿಟ್ಟೆ. ತಲೆಯೆತ್ತಿ ನೋಡುವಾಗ ಗಿರಿಜಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ನನಗೊಂದು ಕಣ್ಣು ಮಿಟುಕಿಸಿ, ಕುಂಟುತ್ತಲೇ ಗೇಟಿನತ್ತ ಹೊರಟಿದ್ದಳು.