ಲಾರಿಯ ದೀಪಗಳಿಗೆ ನಾನು ಹಾಕಿದ ಸಹಿ

ಓದದೆ ಸಹಿ ಹಾಕುವ ಚಟ ಸಿಗರೇಟಿನ ಚಟಕ್ಕಿಂತ ಕೆಟ್ಟದ್ದು. ಸಿಗರೇಟು ಸೇದುವವನಿಗಾದರೂ ಒಂದಲ್ಲ ಒಂದು ದಿನ ಕೆಮ್ಮು ಬಂದು ಎಚ್ಚರಿಸುತ್ತದೆ. ಸಹಿ ಹಾಕುವವನಿಗೆ ಪೆನ್ನಿನ ಇಂಕು ಮುಗಿಯುವುದನ್ನು ಬಿಟ್ಟರೆ ಬೇರೆ ಎಚ್ಚರಿಕೆಯೇ ಇಲ್ಲ. ಮಗಳ ಪ್ರೋಗ್ರೆಸ್ ಕಾರ್ಡಿಗೂ ನಾನು ಹಾಗೇ ಸಹಿ ಹಾಕಿದವನು. ಅವಳು ಗಣಿತದಲ್ಲಿ ಫೇಲಾಗಿದ್ದು ನನಗೆ ಗೊತ್ತಾದದ್ದು, ಅವಳ ಟೀಚರು ನನ್ನ ಸಹಿಯನ್ನೇ ನನಗೆ ತೋರಿಸಿ, "ನೀವೇ ನೋಡಿದೀರಲ್ಲ ಸಾರ್?" ಎಂದು ಕೇಳಿದಾಗ. "ನೋಡಿದೀನಿ, ನೋಡಿದೀನಿ" ಎಂದು ಗಂಭೀರವಾಗಿ ತಲೆಯಾಡಿಸಿ ಬಂದೆ. ಮನೆಯಲ್ಲಿ ಹೆಂಡತಿ ಎರಡು ದಿನ ಮಾತು ಬಿಟ್ಟಳು, ಅಷ್ಟೇ. ಯಾರ ಅನ್ನಕ್ಕೂ ಕಲ್ಲು ಬೀಳಲಿಲ್ಲ. ರಂಗಯ್ಯನ ವಿಷಯ ಹಾಗಲ್ಲ.

ಪೀಣ್ಯದಲ್ಲಿ ಕರೆಂಟಿನ ಪ್ಯಾನೆಲ್ ಬಾಕ್ಸುಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ಮೆಟ್ರೋ ರೈಲು ನಮ್ಮ ತಲೆಯ ಮೇಲೆ ಹೊಸದಾಗಿ ಓಡಾಡಲು ಶುರುಮಾಡಿದ್ದ ಕಾಲ. ಮಾಲು ತುಂಬಿದ ಲಾರಿ ಗೇಟು ದಾಟುವ ಮುಂಚೆ ಅದರ ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಬ್ರೇಕ್ ಲೈಟು, ಇಂಡಿಕೇಟರು, ನಂಬರ್ ಪ್ಲೇಟಿನ ಮೇಲಿನ ಪುಟ್ಟ ಬಲ್ಬು, ಹೀಗೆ ಹದಿನಾಲ್ಕು ಬಾಬತ್ತುಗಳನ್ನು ಪರೀಕ್ಷಿಸಿ ಒಂದು ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿ ಸಹಿ ಮಾಡುವುದು ನನ್ನ ಕೆಲಸ. ನಾನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಇಡೀ ದಿನಕ್ಕೆ ಬೇಕಾದಷ್ಟು ಹಾಳೆಗಳಿಗೆ ಟಿಕ್ ಹಾಕಿಟ್ಟುಬಿಡುತ್ತಿದ್ದೆ. ಲಾರಿಗಳು ಆಮೇಲೆ ಬರುತ್ತಿದ್ದವು.

ರಂಗಯ್ಯ ನಮಗೆ ಬಾಡಿಗೆಗೆ ಬರುತ್ತಿದ್ದ ಲಾರಿಯೊಂದರ ಡ್ರೈವರು. ಕುಣಿಗಲ್ ಕಡೆಯ ಹಳ್ಳಿಯವನು, ಹೆಂಡತಿ ಜಯಮ್ಮನೊಂದಿಗೆ ಬಾಗಲಗುಂಟೆಯಲ್ಲಿ ವಾಸ. ಅವನು ಮೂರು ಸಲ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದ: "ಸಾ, ಇಂದ್ಗಡೆ ಲೈಟು ಒಂದೂ ನೆಟ್ಗಿಲ್ಲ. ಓನರ್ರು ನನ್ ಮಾತು ಕೇಳಲ್ಲ. ಲೋಡ್ ಕೊಡಲ್ಲ ಅಂತ ನೀವೊಂದ್ ಮಾತು ಅಂದ್ರೆ ನಾಳೇನೇ ಮಾಡಿಸ್ತಾರೆ." ಮೂರು ಸಲವೂ ನಾನು, "ಈ ಲೋಡ್ ಹೋಗ್ಲಿ ಕಣಯ್ಯ, ಆಮೇಲೆ ಹೇಳ್ತೀನಿ" ಎಂದಿದ್ದೆ. ಲೋಡುಗಳಿಗೇನು ಬರವೇ?

ಒಂದು ದಿನ ವೈಟ್‌ಫೀಲ್ಡಿನ ಗಿರಾಕಿಯೊಬ್ಬರಿಗೆ ಅರ್ಜೆಂಟಾಗಿ ಮಾಲು ಮುಟ್ಟಿಸಬೇಕಾಗಿ, ಮ್ಯಾನೇಜರು ನನ್ನನ್ನೇ ರಂಗಯ್ಯನ ಲಾರಿಯಲ್ಲಿ ಕೂರಿಸಿ ಕಳಿಸಿದರು. ವೈಟ್‌ಫೀಲ್ಡ್ ಇನ್ನೇನು ಬಂತು ಎನ್ನುವಾಗ, ಮಟಮಟ ಮಧ್ಯಾಹ್ನದಲ್ಲಿ, ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ. ಮರದ ನೆರಳಲ್ಲಿ ಜೀಪು, ಪಕ್ಕದಲ್ಲಿ ಮೋಟಾರು ವಾಹನ ಇನ್‌ಸ್ಪೆಕ್ಟರು. ನಲವತ್ತರ ಆಸುಪಾಸಿನ ಹೆಂಗಸು. ಕೂಗಲಿಲ್ಲ, ರೇಗಲಿಲ್ಲ. ನಮ್ಮ ಲಾರಿಯ ಹಿಂದೆ ಹೋಗಿ ನಿಂತು, "ಬ್ರೇಕ್ ಒತ್ತಿ" ಎಂದರು. ರಂಗಯ್ಯ ಒತ್ತಿದ. "ಒತ್ತಿದ್ರಾ?" "ಒತ್ತಿದೀನಿ ಮೇಡಂ." "ಎಡಗಡೆ ಇಂಡಿಕೇಟರ್ ಹಾಕಿ." ಬಲಗಡೆಯದು ಮಿಣುಕಿತು. ಹೆಡ್‌ಲೈಟುಗಳಲ್ಲಿ ಒಂದು ರಸ್ತೆಯ ಗುಂಡಿಯನ್ನು ನೋಡುತ್ತಿತ್ತು, ಇನ್ನೊಂದು ದೇವರನ್ನು. ಹಿಂದಿನ ಕೆಂಪು ಗಾಜು ಒಡೆದ ಜಾಗಕ್ಕೆ ಯಾರೋ ಸ್ವೀಟ್ ಬಾಕ್ಸಿನ ಕೆಂಪು ಕಾಗದ ಅಂಟಿಸಿದ್ದರು. ಇನ್‌ಸ್ಪೆಕ್ಟರು ಅದನ್ನು ಉಗುರಿನಿಂದ ಮೆಲ್ಲಗೆ ಸುಲಿದು, ಕೆಳಗಿಳಿದು ಬಂದ ರಂಗಯ್ಯನ ಅಂಗೈಯಲ್ಲಿಟ್ಟರು.

ಆಮೇಲೆ ಕಾಗದಪತ್ರ ನೋಡಿದರು. ಅದರ ನಡುವೆ ನನ್ನ ಚೆಕ್‌ಲಿಸ್ಟು. ಹದಿನಾಲ್ಕು ಟಿಕ್ಕುಗಳು, ಪರೇಡಿನಲ್ಲಿ ನಿಂತ ಹಾಗೆ. "ಯಾರ್ರೀ ಇದಕ್ಕೆ ಸೈನ್ ಮಾಡಿರೋ ಮಹಾನುಭಾವರು?" ಎಂದರು. ಸಹಿ ಹಾಕಿದವರೇ ಜವಾಬ್ದಾರರು ಎಂದು ಮ್ಯಾನೇಜರು ಹೋದ ವಾರವಷ್ಟೇ ಸುತ್ತೋಲೆ ಹೊರಡಿಸಿದ್ದರು. ಅದಕ್ಕೂ ನಾನು ಓದದೆ ಸಹಿ ಹಾಕಿದ್ದೆ. ಆದರೆ ಆ ಗಳಿಗೆಯಲ್ಲಿ ಅದರ ಒಂದೊಂದು ಅಕ್ಷರವೂ ಕಣ್ಣಿಗೆ ಕಟ್ಟಿತು. ಇನ್‌ಸ್ಪೆಕ್ಟರು ನನ್ನತ್ತ ತಿರುಗಿ, "ನೀವ್ಯಾರು?" ಎಂದರು.

"ನಾನು ಸುಮ್ನೆ... ಬಸ್ ಸಿಗಲಿಲ್ಲ ಮೇಡಂ, ಲಿಫ್ಟ್ ಕೇಳಿ ಹತ್ತಿದೆ."

ರಂಗಯ್ಯ ನನ್ನನ್ನು ನೋಡಿದ. ಕೋಪವಿರಲಿಲ್ಲ, ಆಶ್ಚರ್ಯವಿತ್ತು. ಇನ್‌ಸ್ಪೆಕ್ಟರು, "ಹೌದೇನ್ರೀ?" ಎಂದು ಅವನನ್ನು ಕೇಳಿದರು. ಅವನು ಕೈಯಲ್ಲಿದ್ದ ಕೆಂಪು ಕಾಗದವನ್ನು ಮಡಿಸುತ್ತಾ, "ಊಂ ಮೇಡಂ. ಪಾಪ, ಬಿಸಿಲಲ್ಲಿ ನಿಂತಿದ್ರು" ಎಂದ.

"ಲೈಟಿಗಾದ್ರೆ ದಂಡ ಕಟ್ಟಿ, ಇಲ್ಲೇ ರಿಪೇರಿ ಮಾಡಿಸ್ಕೊಂಡು ಹೋಗಿ ಅಂತಿದ್ದೆ," ಎಂದರು ಆಕೆ, ನಿಜವಾದ ಬೇಸರದಿಂದ. "ಮಾಲಿನ ಜೊತೆ ಬಂದಿರೋ ಕಂಪನಿಯೋರಾಗಿದ್ರೆ ಅದು ಬೇರೆ ಮಾತು. ಗೂಡ್ಸ್ ಗಾಡೀಲಿ ದಾರೀಲಿ ಹೋಗೋರನ್ನ ಹತ್ತಿಸ್ಕೊಂಡ್ರೆ ನಿಮ್ಮ ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್ ಆಗುತ್ತೆ. ಯಾಕ್ರೀ ಈ ಪರೋಪಕಾರ?"

ಆಗಲೂ ಸಮಯವಿತ್ತು. ನನ್ನ ಗುರುತಿನ ಚೀಟಿ ಜೇಬಿನಲ್ಲೇ ಇತ್ತು. ಸತ್ಯ ಹೇಳಬೇಕೆಂದು ನಾನು ಬಾಯಿ ತೆರೆದದ್ದೂ ನಿಜ. ಬಂದ ಮಾತು ಮಾತ್ರ, "ಮೇಡಂ, ಇಲ್ಲಿಂದ ಬಸ್ ಸಿಗುತ್ತಾ?" ಎಂದು. ರಸ್ತೆಯಾಚೆ ಸ್ಟಾಪಿದೆ ಎಂದು ಅವರು ತೋರಿಸಿದರು. ಹೇಳಿದ ಸುಳ್ಳಿಗೆ ಮರ್ಯಾದೆ ಉಳಿಸಬೇಕಲ್ಲ, ಹೋಗಿ ನಿಂತೆ. ಬಸ್ಸು ಬಂದಾಗ ಹತ್ತಿಯೂಬಿಟ್ಟೆ.

ಮುಂದಿನ ಭಾನುವಾರ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಾಗಲಗುಂಟೆಗೆ ಹೋದೆ. ರಂಗಯ್ಯ ಅಂಗಡಿಗೆ ಹೋಗಿದ್ದ. ಜಯಮ್ಮ ಕುರ್ಚಿ ಒರೆಸಿ ಕೂರಿಸಿ, ಕಾಫಿ ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಯಾವನೋ ಲಿಫ್ಟ್ ಕೇಳ್ಕಂಡು ಅತ್ತಿದ್ನಂತೆ ಸಾ. ಇವ್ರು ಅಯ್ಯೋ ಪಾಪ ಅಂದವ್ರೆ. ಅವನ ಮನೆ ಎಕ್ಕುಟ್ಟೋಗ! ಅವನ ನಾಲ್ಗೆಗೆ ಉಳ ಬೀಳ!" ಎಂದರು. ನಾನು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೌದಮ್ಮ, ಎಂಥೆಂಥವರು ಇರ್ತಾರೆ ನೋಡಿ" ಎಂದೆ. ಕಾಫಿ ಚೆನ್ನಾಗಿತ್ತು, ಅದನ್ನೂ ಹೇಳಿದೆ. ರಂಗಯ್ಯ ಬಂದವನು ಬಾಗಿಲಲ್ಲೇ ಹೆಂಡತಿಯ ಶಾಪ ಕೇಳಿಸಿಕೊಂಡು, "ಬುಡು ಜಯಮ್ಮ, ಅವ್ನಿಗೆ ಏನ್ ಕಷ್ಟ ಇತ್ತೋ" ಎಂದ. ಬೈದಿದ್ದರೆ ಮೈ ಹಗುರವಾಗುತ್ತಿತ್ತು. ಆ ಭಾಗ್ಯ ಅವನು ನನಗೆ ಕೊಡಲಿಲ್ಲ.

ಪಶ್ಚಾತ್ತಾಪಕ್ಕೆ ನಾನು ಮಾಡಿದ ಏಕೈಕ ಕೆಲಸವೆಂದರೆ, ಅವನಿಗೆ ನಮ್ಮ ಕಾರ್ಖಾನೆಯ ಮುಂದಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಕೊಡಿಸಿದ್ದು. ಆ ವೇಳೆಗೆ ಮ್ಯಾನೇಜರು ಹೊಸ ನಿಯಮ ತಂದಿದ್ದರು: ನನ್ನ ಸಹಿಯ ಜೊತೆಗೆ ಗೇಟಿನವನೂ ದೀಪ ನೋಡಿ ಸಹಿ ಹಾಕಬೇಕು. ಅನಾಹುತವಾದದ್ದು ಇಲ್ಲೇ. ರಂಗಯ್ಯ ನಿಜವಾಗಿಯೂ ನೋಡತೊಡಗಿದ. ಮೊದಲ ವಾರ ಐದು ಲಾರಿ ನಿಲ್ಲಿಸಿದ. "ಬಲ್ಬ್ ಆಕ್ಸು, ಆಮೇಲೆ ಓಗು ಮಗಾ" ಎನ್ನುತ್ತಿದ್ದ ಡ್ರೈವರುಗಳಿಗೆ. ಡ್ರೈವರುಗಳು ಖುಷಿಯಾಗಿದ್ದರು, ಮೊದಲ ಬಾರಿಗೆ ಓನರುಗಳು ಓಡಿಬಂದು ದೀಪ ಹಾಕಿಸುತ್ತಿದ್ದರು. ನನ್ನ ಡಿಸ್ಪ್ಯಾಚು ಮಾತ್ರ ದಿನಾ ತಡವಾಗಿ, ಮ್ಯಾನೇಜರು ನನ್ನನ್ನು ಕರೆದು, "ಆ ಮನುಷ್ಯನ್ನ ಏನ್ರೀ ಮಾಡೋದು?" ಎಂದರು.

ನಾನು ಒಂದು ಟಿಪ್ಪಣಿ ಬರೆದೆ. ಸದರಿ ರಂಗಯ್ಯನವರು ಅತ್ಯಂತ ಪ್ರಾಮಾಣಿಕರಾಗಿರುವುದರಿಂದ ಅವರನ್ನು ಹಿಂದಿನ ಗೇಟಿಗೆ ಹಾಕುವುದು ಸೂಕ್ತ ಎಂದು. ಹಿಂದಿನ ಗೇಟಿನಲ್ಲಿ ಲಾರಿ ಬರುವುದಿಲ್ಲ. ಕ್ಯಾಂಟೀನಿನ ತರಕಾರಿ ಗಾಡಿ ಮತ್ತು ನೌಕರರ ಸ್ಕೂಟರುಗಳು ಮಾತ್ರ. ಇದೊಂದು ಟಿಪ್ಪಣಿಯನ್ನು ಮಾತ್ರ ನಾನು ಎರಡು ಸಲ ಓದಿ ಸಹಿ ಹಾಕಿದೆ. ಮೂರು ತಿಂಗಳು ಕಳೆದು ಲೈಸೆನ್ಸ್ ವಾಪಸ್ಸು ಬಂತು. ಅಷ್ಟರಲ್ಲಿ ಓನರು ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈ ಹಿಂದಿನ ಗೇಟಿನ ಚಿಲಕ ಹಿಡಿದುಕೊಂಡೇ ಉಳಿಯಿತು.

ನನ್ನ ಮನೆಯಿಂದ ಬರಲು ಹಿಂದಿನ ಗೇಟೇ ಹತ್ತಿರ. ಒಂದು ಸಂಜೆ ಸ್ಕೂಟರಿನಲ್ಲಿ ಹೊರಟಾಗ ರಂಗಯ್ಯ ಸೆಲ್ಯೂಟ್ ಹೊಡೆದು, ಹಿಂದೆ ಬಂದು, ತಗ್ಗಿದ ದನಿಯಲ್ಲಿ, "ಸಾ, ನಿಮ್ ಬ್ರೇಕ್ ಲೈಟು ಉರೀತಿಲ್ಲ. ಉಸಾರು, ರಿಂಗ್ ರೋಡಲ್ಲಿ ಇಂದ್ಗಡೆಯಿಂದ ಬಂದ್ ಗುದ್ದಿಬಿಡ್ತಾರೆ" ಎಂದ. ಅವನ ಮುಖದಲ್ಲಿ ವ್ಯಂಗ್ಯವನ್ನು ಬಹಳ ಹುಡುಕಿದೆ. ಕಾಳಜಿ ಬಿಟ್ಟು ಬೇರೇನೂ ಸಿಗಲಿಲ್ಲ.

ಮಾರನೆಯ ದಿನದಿಂದ ನಾನು ಮುಂದಿನ ಗೇಟಿನಿಂದಲೇ ಓಡಾಡತೊಡಗಿದೆ. ಸ್ವಲ್ಪ ಸುತ್ತಾಗುತ್ತಿತ್ತು. ಆದರೆ ಅಲ್ಲಿ ಯಾರೂ ಏನನ್ನೂ ನೋಡುತ್ತಿರಲಿಲ್ಲ.