ಗಟ್ಟಿ ಪಾತ್ರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕೆಂಪು ಶಾಯಿಯಲ್ಲಿ ಬರೆದ ಮೂರು ಸಾಲು. ಬರೆದವಳು ಚಿತ್ರದ ನಾಯಕಿ. ಬೆಳಿಗ್ಗೆ ಏಳೂವರೆಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ ಮಾತಿನ ಮೇಷ್ಟ್ರಿಗೆ ಅದನ್ನು ಫೋನಿನಲ್ಲಿ ಓದಿ ಹೇಳಿದವನು ನಿರ್ದೇಶಕ.

"ಕೇಳಿಸ್ಕೊಳ್ಳಿ ಮೇಷ್ಟ್ರೇ. 'ಈ ದೃಶ್ಯದಲ್ಲಿ ಹೆಂಗಸೇ ಇಲ್ಲ. ಯಾರೋ ಗಂಡಸು ಹೆಣ್ಣುದನಿ ಮಾಡ್ಕೊಂಡು ಭಾಷಣ ಹೊಡೆದ ಹಾಗಿದೆ. ನನಗೆ ಗಟ್ಟಿ ಪಾತ್ರ ಬೇಕು.' ಗಟ್ಟಿ ಅನ್ನೋದಕ್ಕೆ ಎರಡು ಗೆರೆ ಎಳೆದಿದ್ದಾರೆ."

ಮೇಷ್ಟ್ರು ನೊರೆ ನುಂಗಿದರು.

ಅವರು ಹನ್ನೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಸಿನಿಮಾಕ್ಕೆ ಮಾತು ಬರೆಯಲು ಬಂದವರು. ಒಂಬತ್ತು ಚಿತ್ರಗಳಿಗೆ ಬರೆದಿದ್ದರೂ ಪರದೆಯ ಮೇಲೆ ಎಲ್ಲೂ ಹೆಸರಿಲ್ಲ. ಒಂದರಲ್ಲಿ ಮಾತ್ರ 'ಮತ್ತು ಮಿತ್ರರು' ಎಂದು ಬಂದಿತ್ತು. ಆ ಮಿತ್ರರು ಇವರೇ. ಹತ್ತನೆಯದರಲ್ಲಿ ಅವರ ಹೆಸರು ಪೂರ್ತಿ ಪರದೆಗೆ ಒಂಟಿಯಾಗಿ ಬರುವುದೆಂದು ಮಾತಾಗಿತ್ತು. ಗಂಡನ ಮೋಸ ತಿಳಿದ ಹೆಂಡತಿ ಅವನನ್ನು ಬೈದು ಮನೆ ಬಿಟ್ಟು ಹೋಗುವ ಕೊನೆಯ ದೃಶ್ಯವನ್ನು ಮೇಷ್ಟ್ರು ಮೂರು ಪುಟ ಬರೆದು ತಾವೇ ಓದಿಕೊಂಡು ಕಣ್ಣೊರೆಸಿಕೊಂಡಿದ್ದರು. "ಯುಗಯುಗಗಳ ಕಣ್ಣೀರು ಇಂದು ಕಡಲಾಗಿ ಉಕ್ಕುತ್ತಿದೆ!" ಎಂದು ಅದು ಶುರುವಾಗುತ್ತಿತ್ತು.

"ನಾಲ್ಕು ಗಂಟೆಗೆ ಅವರು ಆಫೀಸಿಗೆ ಬರ್ತಾರೆ. ಅಷ್ಟರಲ್ಲಿ ಗಟ್ಟಿ ಮಾಡಿ ತನ್ನಿ. ಅವಳು ಬೈದರೆ ಥಿಯೇಟರಿನ ಕೊನೇ ಸಾಲಿನಲ್ಲಿ ಕೂತ ಗಂಡನೂ ಕುರ್ಚಿ ಕೆಳಗೆ ಸೇರ್ಕೋಬೇಕು. ಆಗಲ್ಲ ಅಂದ್ರೆ ಹೇಳಿ, ಬರೆಯೋರು ಬೇರೆಯವರೂ ಇದ್ದಾರೆ" ಎಂದು ನಿರ್ದೇಶಕ ಫೋನಿಟ್ಟ.

ಮೇಷ್ಟ್ರ ತೊಂದರೆ ಏನೆಂದರೆ, ಹೆಂಗಸು ಮನಸಾರೆ ಬೈಯುವುದನ್ನು ಅವರು ಹತ್ತಿರದಿಂದ ಕೇಳಿಯೇ ಇರಲಿಲ್ಲ. ಹೆಂಡತಿ ಆಸ್ಪತ್ರೆಯ ಒಂದು ವಾರ್ಡಿನ ಹಿರಿಯ ನರ್ಸು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ದನಿ ಏರಿಸಿದವಳಲ್ಲ. ಇದನ್ನು ಮೇಷ್ಟ್ರು ಗೆಳೆಯರೆದುರು ತಮ್ಮ ಪುಣ್ಯವೆಂದು ಕೊಚ್ಚಿಕೊಂಡದ್ದುಂಟು. ಇವತ್ತು ಆ ಪುಣ್ಯವೇ ಉರುಳಾಗಿ ಕೂತಿತ್ತು. ಅದೃಷ್ಟಕ್ಕೆ ಅವಳಿಗೆ ರಜೆ. ಕೆಣಕಿ ಬೈಸಿಕೊಂಡರೆ ಬಿಸಿಬಿಸಿ ಮಾತು ಸಿಕ್ಕೀತೆಂದು ಮೇಷ್ಟ್ರು ಜೇಬಿಗೊಂದು ಪುಟ್ಟ ನೋಟ್‌ಬುಕ್ ಇಳಿಸಿದರು.

ಮೊದಲು, ಸ್ನಾನ ಮಾಡಿ ಬಂದು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಬೇಕೆಂದೇ ಹರಡಿದರು. ಹೆಂಡತಿ ಬಂದಳು, ಎತ್ತಿದಳು, ಹಗ್ಗಕ್ಕೆ ಹಾಕಿದಳು.

"ಯಾಕೆ, ಏನೂ ಅನ್ನಲಿಲ್ಲ?"

"ಯಾವುದಕ್ಕೆ?"

"ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಿದ್ದೆ."

"ಮದುವೆಯಾದಾಗಿಂದ ಹಾಕ್ತಾನೇ ಇದ್ದೀರಲ್ಲ. ಇವತ್ತೇನು ವಿಶೇಷ?"

ತಿಂಡಿಗೆ ಕೂತಾಗ ತಟ್ಟೆ ನೂಕಿ, "ಇದೇನು, ಮಣ್ಣು ತಿಂದ ಹಾಗಿದೆ!" ಎಂದು ಗುಡುಗಿದರು.

"ನಿನ್ನೆ ರಾತ್ರಿ ನೀವೇ ಮಾಡಿಟ್ಟಿದ್ದು. ನಾನು ಬಿಸಿ ಮಾಡಿದೆ, ಅಷ್ಟೆ."

ಮೇಷ್ಟ್ರು ತವರಿಗೇ ಕೈಹಾಕಿದರು. "ನಿನ್ನ ತಮ್ಮ ಒಬ್ಬ ಕೋಣ."

"ಹೌದು ರೀ, ಚಿಕ್ಕವನಿದ್ದಾಗಿಂದ್ಲೂ ಹಾಗೇ. ಇನ್ನೊಂದು ಲೋಟ ಕಾಫಿ ಕೊಡ್ಲಾ?"

ಗಡಿಯಾರ ಓಡುತ್ತಿತ್ತು. ಮೇಷ್ಟ್ರು ಕೋಣೆಗೆ ಹೋಗಿ ಗುಟ್ಟಾಗಿ ಬರೆದುಕೊಂಡರು: 'ಹತ್ತೂ ನಲವತ್ತು. ಬೈಯಲಿಲ್ಲ. ಮತ್ತೆ ಪ್ರಯತ್ನಿಸುವುದು.' ಇನ್ನು ಬ್ರಹ್ಮಾಸ್ತ್ರವೊಂದೇ ಉಳಿದಿತ್ತು. ಹೆಂಡತಿ ಕಿಟಕಿಯ ಹತ್ತಿರ ನಿಂತು ಬಟ್ಟೆ ಮಡಿಸುತ್ತಿದ್ದಳು. ಮೇಷ್ಟ್ರು ಎದೆ ಸೆಟೆಸಿ, ಸಂಭಾಷಣೆಕಾರರಿಗೆ ತಕ್ಕ ಸ್ಪಷ್ಟ ಉಚ್ಚಾರದಲ್ಲಿ ಸಾರಿದರು.

"ನೋಡು, ನನಗೆ ಇನ್ನೊಬ್ಬಳ ಸಂಬಂಧ ಇದೆ!"

ಅವಳ ಕೈಯಲ್ಲಿದ್ದ ಅಂಗಿ ಅರ್ಧ ಕ್ಷಣ ನಿಂತಿತು.

"ಹೌದಾ? ಪಾಪ, ಅದು ಅವಳಿಗೆ ಗೊತ್ತಾ?" ಎಂದು ಕೇಳಿ, ಕಿಸಕ್ಕನೆ ನಕ್ಕು, ಚೀಲ ಹಿಡಿದು ತರಕಾರಿ ತರಲು ಹೊರಟುಹೋದಳು.

ಮೇಲೆ ಹೀಗೆ ಠುಸ್ಸೆಂದ ಬಾಂಬು ಕೆಳಗೆ ಸಿಡಿಯಿತು. ಅವರ ಕಿಟಕಿಯ ನೇರ ಕೆಳಗೆ ದರ್ಜಿಯಮ್ಮನ ಹೊಲಿಗೆ ಯಂತ್ರವಿತ್ತು. ಬೆಳಗಿಂದ ಸಂಜೆಯವರೆಗೆ ಓಡುವ ಆ ಯಂತ್ರ ನಿಲ್ಲುತ್ತಿದ್ದುದು ಎರಡೇ ಕಾರಣಕ್ಕೆ: ದಾರ ಹರಿದಾಗ, ಇಲ್ಲವೇ ಯಾರದಾದರೂ ಸಂಸಾರ ಹರಿದಾಗ. ಈಗದು ಗಕ್ಕನೆ ನಿಂತಿತು.

ಪೆನ್ನಿನ ರೀಫಿಲ್ ತರಲು ಮೇಷ್ಟ್ರು ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ದರ್ಜಿಯಮ್ಮ ನಿಂತಿದ್ದಳು. ಕೊರಳಿನ ಅಳತೆ ಟೇಪು ಕೈಗೆ ಬಂದು ಚಾಟಿಯಾಗಿತ್ತು. ಪಕ್ಕದಲ್ಲಿ ಎದುರುಮನೆಯ ನಿವೃತ್ತ ಹೆಡ್‌ಮಿಸ್ಸು, ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಸಿದ್ಧವಾಗಿದ್ದರು.

"ಮೇಷ್ಟ್ರೇ, ನಿಮ್ಮ ಸೊಂಟದಳತೆ ಊರಲ್ಲಿ ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತು" ಎಂದಳು ದರ್ಜಿಯಮ್ಮ. "ವರ್ಷಕ್ಕೆರಡು ಸಲ ಪ್ಯಾಂಟು ಬಿಚ್ಚಿ ಅಗಲ ಮಾಡಿ ಕೊಡ್ತೀನಿ. ಈ ಸೊಂಟ ಇಟ್ಕೊಂಡು ನಿಮಗೆ ಇನ್ನೊಬ್ಬಳು ಬೇಕಾ?"

ಮೇಷ್ಟ್ರ ಮುಖ ಬಲ್ಬಿನ ಹಾಗೆ ಹತ್ತಿಕೊಂಡಿತು. ಇದೇ! ಇಂಥದೇ ಮಾತು! ಥಟ್ಟನೆ ನೋಟ್‌ಬುಕ್ ತೆಗೆದರು.

"ಸೊಂಟ ಇಟ್ಕೊಂಡು... ಆಮೇಲೆ? ಸ್ವಲ್ಪ ನಿಧಾನಕ್ಕೆ ಹೇಳಿ."

"ಬರ್ಕೋತಿದಾನೆ!" ಹೆಡ್‌ಮಿಸ್ಸು ಕಿರುಚಿದರು. "ನಾಚಿಕೆಗೆಟ್ಟೋನು, ನೋಟ್ಸು ತಗೋತಿದಾನೆ! ಮೂವತ್ತು ವರ್ಷ ಮಕ್ಕಳಿಗೆ ಬೈದಿದೀನಿ, ಒಬ್ಬನೂ ಬರ್ಕೊಂಡಿರಲಿಲ್ಲ!"

"ಅಯ್ಯೋ, ನನಗಲ್ಲಮ್ಮಾ. ನಾಯಕಿ ಕೇಳಿದ್ದಾರೆ. ನಾಲ್ಕು ಗಂಟೆಗೆ ಅವರನ್ನ ನೋಡೋಕೆ ಹೋಗ್ಬೇಕು."

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವಳು ಸಿನಿಮಾದವಳಾ!" ಎಂದಳು ದರ್ಜಿಯಮ್ಮ.

ಬೆಂಕಿಗೆ ತುಪ್ಪ ಬಿದ್ದಿತ್ತು. ಮೇಷ್ಟ್ರು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಸಿಕ್ಕಷ್ಟನ್ನು ತಿದ್ದಿ ಬರೆಯುತ್ತಿರುವಾಗಲೇ ಫೋನುಗಳು ಓಡಾಡಿದವು. ಮೂರು ಗಂಟೆಗೆ ಬಾಗಿಲು ಬಡಿದವನು ಭಾವಮೈದ. ಬಸ್ ಡ್ರೈವರು. ಬಾಗಿಲಿಗೆ ಇನ್ನೊಂದು ಬಾಗಿಲು ನಿಲ್ಲಿಸಿದಂಥ ಆಳು.

"ಭಾವ, ಕನ್ನಡಕ ತೆಗೀರಿ" ಎಂದ ವಿನಯದಿಂದ.

"ಯಾಕಪ್ಪಾ?"

"ಒಡೆದು ಹೋದ್ರೆ ಅಕ್ಕ ಬೈತಾಳೆ."

ಮೇಷ್ಟ್ರಿಗೆ ಹೊಡೆತದ ಭಯಕ್ಕಿಂತ ಕುತೂಹಲ ಮೊದಲು ಬಂತು. "ಬೈತಾಳಾ? ನಿನಗೆ ಬೈತಾಳಾ? ಏನಂತ ಬೈತಾಳೆ, ಹೇಳು ಹೇಳು!" ಎಂದು ಪೆನ್ನಿನ ಮುಚ್ಚಳ ತೆಗೆದರು.

ಭಾವಮೈದ ಆಘಾತದಿಂದ ಎರಡು ಹೆಜ್ಜೆ ಹಿಂದೆ ಸರಿದ. ಭಾವನಿಗೆ ತಲೆ ಕೆಟ್ಟಿದೆಯೆಂದು ಅವನು ಗ್ರಹಿಸುವಷ್ಟರಲ್ಲಿ ಮೇಷ್ಟ್ರು ಅವನ ತೋಳಿನಡಿಯಲ್ಲಿ ನುಸುಳಿ ಮೆಟ್ಟಿಲಿಳಿದಿದ್ದರು. ಹಿಂದೆ ಭಾವಮೈದ, ಅವನ ಹಿಂದೆ ದರ್ಜಿಯಮ್ಮ, ಅವಳ ಹಿಂದೆ ಮಂಡಿನೋವಿನ ಹೆಡ್‌ಮಿಸ್ಸು. ಮೇಷ್ಟ್ರು ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸೊಂದನ್ನು ಹತ್ತಿದರು. ಮೂವರೂ ಹಿಂದಿನ ಬಾಗಿಲಿನಿಂದ ಅದೇ ಬಸ್ಸು ಹತ್ತಿದರು. ಕಂಡಕ್ಟರು ಭಾವಮೈದನ ಗೆಳೆಯ, ಟಿಕೆಟ್ಟೂ ಕೇಳಲಿಲ್ಲ; ಆದರೆ ತುಂಬಿದ ಬಸ್ಸಿನಲ್ಲಿ ಮೇಷ್ಟ್ರ ತನಕ ನುಗ್ಗಲು ಯಾರಿಗೂ ಆಗಲಿಲ್ಲ.

ನಿರ್ದೇಶಕನ ಆಫೀಸು ಎರಡನೇ ಮಹಡಿಯಲ್ಲಿತ್ತು. ನಾಯಕಿ ಆಗಲೇ ಬಂದು ಕೂತಿದ್ದಳು. ಕೆನ್ನೆಯ ಪಕ್ಕದ ನರೆಗೂದಲಿಗೆ ಬಣ್ಣ ಹಚ್ಚದ, ಮುಖಕ್ಕೆ ಏನೂ ಬಳಿಯದ ಹೆಂಗಸು. ಪರದೆಯ ಮೇಲೆ ನ್ಯಾಯಾಧೀಶೆ, ದರೋಡೆಗಾರ್ತಿ, ಮಹಾರಾಣಿ ಎಲ್ಲ ಆಗಿದ್ದವಳು ಈಗ ಚಹಾ ಆರಿಸಿಕೊಳ್ಳುತ್ತಿದ್ದಳು.

"ಸಿಕ್ತು!" ಎಂದರು ಮೇಷ್ಟ್ರು ಏದುಸಿರಿನಲ್ಲಿ. "ಕೇಳಿ. 'ಈ ಸೊಂಟ ಇಟ್ಕೊಂಡು ನಿನಗೆ ಇನ್ನೊಬ್ಬಳು ಬೇಕಾ?'"

"ಅದು ನಂದು!" ಬಾಗಿಲಿನಿಂದ ದರ್ಜಿಯಮ್ಮ ಕೂಗಿದಳು. "ನನ್ನ ಮಾತು ಕದ್ದು ಇವಳಿಗೆ ಕೊಡ್ತಿದೀಯಾ!"

ಮುಂದಿನ ಐದು ನಿಮಿಷ ಆ ಕೋಣೆ ಸಂತೆಯಾಯಿತು. ಹೆಡ್‌ಮಿಸ್ಸು ನಾಯಕಿಗೆ ನೀತಿಪಾಠ ಶುರುಮಾಡಿದರು. ದರ್ಜಿಯಮ್ಮ ಟೇಪು ಬೀಸಿದಳು. ಭಾವಮೈದ "ಭಾವ, ಕನ್ನಡಕ" ಎಂದು ಮೇಜಿನ ಸುತ್ತ ಓಡಿಸಿದ. ಮೇಷ್ಟ್ರು ಓಡುತ್ತಲೇ ನಿಜ ಹೇಳಿದರು: ಇನ್ನೊಬ್ಬಳು ಎಂಬವಳು ಇಲ್ಲ, ಎಲ್ಲ ಒಂದು ದೃಶ್ಯಕ್ಕಾಗಿ. ಅಷ್ಟರಲ್ಲಿ ಅವರ ಕಾಲರು ಭಾವಮೈದನ ಕೈಗೆ ಸಿಕ್ಕಿತ್ತು; ಸದ್ದು ಸ್ವಲ್ಪ ತಗ್ಗಿತು. ನಾಯಕಿ ಕಪ್ಪು ಕೆಳಗಿಟ್ಟಳು.

"ಮಾತೇನೋ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಮತ್ತೆ ಕೂಗಾಟವೇ. ನಾನು ಕೇಳಿದ್ದು ಗಟ್ಟಿ ಪಾತ್ರ, ಗಟ್ಟಿಯಾಗಿ ಕೂಗೋ ಪಾತ್ರ ಅಲ್ಲ."

ಆಗಲೇ ಹೆಂಡತಿ ಒಳಗೆ ಬಂದಳು.

ಕೈಯಲ್ಲಿ ತರಕಾರಿ ಚೀಲ ಹಾಗೇ ಇತ್ತು. ಮಾರ್ಕೆಟ್ಟಿನಿಂದ ಗೆಳತಿಯ ಮನೆಗೆ ಹೋಗಿ, ಅಲ್ಲೇ ಊಟ ಮುಗಿಸಿ ಬಂದವಳಿಗೆ ಬೀದಿಯ ಜನವೆಲ್ಲ ಸೇರಿ, ಗಂಡ ಸಿನಿಮಾದವಳ ಹಿಂದೆ ಹೋದನೆಂದು ಹೇಳಿದ್ದರು; ಆಫೀಸು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ತಮ್ಮನನ್ನು ನೋಡಿದಳು; ಅವನು ಮೇಷ್ಟ್ರ ಕಾಲರು ಬಿಟ್ಟ. ನೆರೆಯವರನ್ನು ನೋಡಿದಳು, ಟೇಪು ಸುರುಳಿ ಸುತ್ತಿಕೊಂಡಿತು. ಬೈಗುಳ ಬಂತೇ ಬಂತೆಂದು ಮೇಷ್ಟ್ರು ಹೊಸ ಪುಟ ತಿರುಗಿಸಿದರು.

ಅವಳು ಹತ್ತಿರ ಬಂದು ನೋಟ್‌ಬುಕ್ಕನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. 'ಬೈಯಲಿಲ್ಲ. ಮತ್ತೆ ಪ್ರಯತ್ನಿಸುವುದು' ಎಂಬಲ್ಲಿ ಕಣ್ಣು ನಿಂತಿತು. ಮುಂದಿನ ಪುಟ, ಅದರ ಮುಂದಿನ ಪುಟ. ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಪೆನ್ನಿಗೆ ಮುಚ್ಚಳ ಹಾಕಿ ಅವರ ಜೇಬಿಗೆ ಸಿಕ್ಕಿಸಿದಳು. ಮುದುರಿದ ಕಾಲರನ್ನು ನೇರ ಮಾಡಿದಳು. ಆಮೇಲೆ ಒಮ್ಮೆ, ಒಂದೇ ಒಂದು ಸಲ, ಅವರ ಮುಖ ನೋಡಿದಳು. ಹೊರಟುಹೋದಳು.

ಮೇಷ್ಟ್ರಿಗೆ ಭಾವಮೈದನ ನಾಲ್ಕು ಏಟು ತಿಂದಿದ್ದರೆ ವಾಸಿ ಅನ್ನಿಸಿತು. ದರ್ಜಿಯಮ್ಮ ಸುಮ್ಮನೆ ಮೂಗು ಒರೆಸಿಕೊಂಡಳು.

ನಾಯಕಿ ಎದ್ದು ನಿಂತಿದ್ದಳು. "ನೋಡಿದ್ರಾ?"

"ನೋಡಿದೆ" ಎಂದ ನಿರ್ದೇಶಕ.

"ಇದು. ನನಗೆ ಬೇಕಾದ್ದು ಇದು." ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದು ಹೆಂಡತಿಯ ಹಿಂದೆ ಓಡಿದಳು.

ಮೇಷ್ಟ್ರು ಕೈ ಹೊಸೆದರು. "ಹಾಗಾದ್ರೆ ದೃಶ್ಯ ಸಿಕ್ಕ ಹಾಗಾಯ್ತಲ್ಲ?"

"ಸಿಕ್ತು. ಅದರಲ್ಲಿ ಮಾತಿಲ್ಲ." ನಿರ್ದೇಶಕ ಪೆನ್ಸಿಲು ತೆಗೆದು ಮೂರು ಪುಟಕ್ಕೂ ಅಡ್ಡಗೆರೆ ಎಳೆದ. ನಂತರ ಯೋಚಿಸಿ ಹಿಂದಿನ ಪುಟ ತಿರುಗಿಸಿದ. "ಇದರ ಹಿಂದೆ ಅವಳು ವಟಗುಟ್ಟಿಬಿಟ್ಟರೆ ಆ ಮೌನಕ್ಕೆ ತೂಕ ಎಲ್ಲಿಂದ ಬರತ್ತೆ?" ಮತ್ತೊಂದು ಗೆರೆ. "ಅವಳೇ ಸುಮ್ಮನಿದ್ದಾಗ ಗಂಡ ಏನು ಮಾತಾಡ್ತಾನೆ?" ಇನ್ನೊಂದು. ಪೆನ್ಸಿಲು ಇಲಿಯ ಹಾಗೆ ಹಿಂದೆ ಹಿಂದೆ ಕೊರೆಯುತ್ತ ಮೊದಲನೇ ಪುಟ ಮುಟ್ಟಿತು. "ಇಡೀ ಚಿತ್ರವೇ ಮೂಕಿ ಮೇಷ್ಟ್ರೇ! ಅದ್ಭುತವಾಗತ್ತೆ."

"ಮತ್ತೆ... ನನ್ನ ಹೆಸರು?"

"ಮಾತೇ ಇಲ್ಲದ ಚಿತ್ರಕ್ಕೆ ಸಂಭಾಷಣೆ ಅಂತ ಹೆಸರು ಹಾಕಿದ್ರೆ ಜನ ನಗಲ್ವೇ? ನಿಮ್ಮ ಮನೆಯವರು ಒಪ್ಪಿದ್ರೆ ಅವರದ್ದು ಹಾಕೋಣ. ಅಭಿನಯ ಸಲಹೆ. ಪೂರ್ತಿ ಪರದೆಗೆ, ಒಂಟಿಯಾಗಿ."

ಆರು ಗಂಟೆಗೆ ಮೇಷ್ಟ್ರು ಮನೆ ಬಾಗಿಲು ತಳ್ಳಿದಾಗ ಮೇಜಿನ ಮೇಲೆ ಎರಡು ಖಾಲಿ ಕಪ್ಪುಗಳಿದ್ದವು. ನಾಯಕಿ ಬಂದು, ಒಪ್ಪಿಸಿಕೊಂಡು, ಹೋಗಿದ್ದಳು. ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು.

"ತಪ್ಪಾಯ್ತು" ಎಂದರು ಮೇಷ್ಟ್ರು. "ಒಂದು ಬೈಗುಳ ಸಿಗಲಿ ಅಂತ... ಕೆಲಸಕ್ಕೋಸ್ಕರ..."

"ಬೈಗುಳ ಬೇಕಿತ್ತಾ?" ಹೆಂಡತಿ ಎದ್ದು ನಿಂತಳು. "ಬಾಯಿಬಿಟ್ಟು ಕೇಳಿದ್ರೆ ಬೆಳಿಗ್ಗೇನೇ ಕೊಡ್ತಿದ್ನಲ್ಲ. ನನ್ನ ವಾರ್ಡಿನಲ್ಲಿ ಮೂವತ್ತೆರಡು ರೋಗಿಗಳು. ಮೂವತ್ತಮೂರನೇದು ನೀವು ಅಂದ್ಕೊಂಡೇ ಇಷ್ಟು ವರ್ಷ ನೋಡ್ಕೊಂಡೆ. ಆದ್ರೆ ಅವರು ಇವತ್ತಲ್ಲ ನಾಳೆ ವಾಸಿಯಾಗಿ ಮನೆಗೆ ಹೋಗ್ತಾರೆ. ನೀವು ವಾಸಿಯೂ ಆಗಲ್ಲ, ಹೋಗೋದೂ ಇಲ್ಲ! ಹೆಂಡತಿ ಸುಮ್ಮನಿದ್ದಾಳೆ ಅಂದ್ರೆ ಬಾಯಿಲ್ಲ ಅಂದ್ಕೊಂಡ್ರಾ? ಹಲ್ಲು ಕಚ್ಚಿ ಹಲ್ಲು ಸವೆಸಿಕೊಂಡಿದೀನಿ ಕಣ್ರೀ..."

ಮೇಷ್ಟ್ರು ಬಾಯಿ ತೆರೆದು ನಿಂತುಬಿಟ್ಟರು. ಒಂದೊಂದು ಸಾಲೂ ಅಪ್ಪಟ ಚಿನ್ನ. ಕೊನೇ ಸಾಲಿನ ಗಂಡನೇನು, ಟಿಕೆಟ್ ಹರಿಯುವವನೂ ಕುರ್ಚಿ ಹುಡುಕುವಂಥ ಮಾತು. ಆಡಿಸಲು ಒಂದು ಚಿತ್ರವಿಲ್ಲ, ಬರೆದುಕೊಳ್ಳಲು ಒಂದು ಹಾಳೆಯಿಲ್ಲ. ಅಭ್ಯಾಸಬಲದಿಂದ ಕೈ ತಾನಾಗಿ ಜೇಬಿನ ಕಡೆ ಹೋಯಿತು.

"ಪೆನ್ನು ಮುಟ್ಟಿ, ನೋಡೋಣ!" ಎಂದಳು ಹೆಂಡತಿ.

ಮೇಷ್ಟ್ರು ಕೈಕಟ್ಟಿಕೊಂಡರು. ಇಪ್ಪತ್ತು ವರ್ಷದ ಮಾತು ಒಂದೊಂದಾಗಿ, ಸಾಲಾಗಿ, ವರ್ಷವಾರು ಹೊರಬರುತ್ತಿತ್ತು. ಹೊರಗೆ ಬೀದಿದೀಪ ಹತ್ತಿಕೊಂಡಾಗ ಇನ್ನೂ ಮದುವೆಯಾದ ಮೊದಲ ವರ್ಷವೇ ನಡೆಯುತ್ತಿತ್ತು.